ಪರದೆ ಎಳೆದ ಬುಧವಾರ

ಟ್ರೂಸ್ ಏನನ್ನೂ ತಿನ್ನದೆ ಹನ್ನೊಂದು ವಾರವಾಗಿತ್ತು. ಈ ವಿಷಯ ಬೀದಿಯವರಿಗೆಲ್ಲ ಗೊತ್ತಿತ್ತು, ಪಶುವೈದ್ಯೆಗೆ ಗೊತ್ತಿತ್ತು, ದೂರದ ಗ್ರೋನಿಂಗನ್ ನಗರದಲ್ಲಿ ಸಾಕುಹಾವುಗಳ ಅಂಗಡಿ ಇಟ್ಟಿರುವವನಿಗೂ ಗೊತ್ತಿತ್ತು. ಗೊತ್ತಿಲ್ಲದವನು ಒಬ್ಬನೇ, ಟ್ರೂಸ್‌ಳನ್ನು ಸಾಕಿದ ವುಬ್ಬೊ. ಅವನಿಗೆ ಅವನ ತಂಗಿ ಹಿಲ್ಯೆ ಐದು ವಾರದಿಂದ ಸುಳ್ಳು ಹೇಳುತ್ತ ಬಂದಿದ್ದಳು.

ಟ್ರೂಸ್ ಒಂದು ಹೆಬ್ಬಾವು. ಹೆಬ್ಬಾವು ಎಂದಕೂಡಲೆ ಕುರಿ ನುಂಗುವ ದೈತ್ಯನನ್ನು ನೆನೆಯಬೇಕಾಗಿಲ್ಲ. ಇವಳು ಒಂದೂಕಾಲು ಮೀಟರ್ ಉದ್ದದ, ಕಂದು ಮೈಮೇಲೆ ಹಳದಿ ಮಚ್ಚೆಗಳಿರುವ, ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನಂತೆ ಸುತ್ತಿಕೊಂಡುಬಿಡುವ ಜಾತಿಯವಳು. ವುಬ್ಬೊ ಕಾಲುವೆಯ ಸೇತುವೆ ಕಾಯುತ್ತಿದ್ದವನು. ದೋಣಿ ಬಂದಾಗ ಸೇತುವೆ ಎತ್ತಿ, ಹೋದಮೇಲೆ ಇಳಿಸುವುದರಲ್ಲೇ ಮೂವತ್ತು ವರ್ಷ ಕಳೆದು, ಮದುವೆಯಾಗುವುದನ್ನು ಮರೆತವನು. ಹನ್ನೆರಡು ವರ್ಷದ ಹಿಂದೆ ಕೆಳಗಿನ ಮನೆಯ ಬಾಡಿಗೆದಾರ ಊರು ಬಿಡುವಾಗ ಹಾವನ್ನೂ ಬಿಟ್ಟುಹೋಗಿದ್ದ. ವುಬ್ಬೊ ಅದನ್ನು ತನ್ನ ಮಲಗುವ ಕೋಣೆಯ ಮೂಲೆಯಲ್ಲಿ ಇಟ್ಟುಕೊಂಡು, ತೀರಿಹೋದ ಸೋದರತ್ತೆಯ ಹೆಸರಿಟ್ಟಿದ್ದ. ಯಾಕೆ ಆ ಹೆಸರು ಎಂದು ಹಿಲ್ಯೆ ಕೇಳಿದಾಗ, ಮೂತಿ ನೋಡು, ಗೊತ್ತಾಗುತ್ತೆ ಅಂದಿದ್ದ.

ಜನವರಿಯ ಮೊದಲ ವಾರ ಅವನ ಎದೆ ಹಿಡಿದುಕೊಂಡಿತು. ಆಂಬುಲೆನ್ಸ್ ಬರುವಷ್ಟರಲ್ಲಿ ಅವನು ಮಾಡಿದ ಕೆಲಸ ಒಂದೇ: ಒಂದು ಚೀಟಿ ಬರೆದು ತಂಗಿಯ ಕೈಗೆ ಕೊಟ್ಟದ್ದು. ಎರಡು ವಾರಕ್ಕೊಂದು ಇಲಿ, ನೀರು, ಬಿಸಿ, ನೆಮ್ಮದಿ. ಅದರ ಕೆಳಗೆ ಇನ್ನೊಂದು ಸಾಲು: ಕೊಟ್ಟದ್ದನ್ನು ತಿಂದುಕೊಂಡು ಬಿದ್ದಿರುತ್ತಾಳೆ.

ಹಿಲ್ಯೆ ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಳು. ಅವಳಿಗೆ ಅರವತ್ತೊಂದು ವರ್ಷ. ಹೇಳಿದ ಕೆಲಸವನ್ನು ಹೇಳಿದ್ದಕ್ಕಿಂತ ಒಂದು ತೂಕ ಹೆಚ್ಚಾಗಿಯೇ ಮಾಡುವವಳು, ಮಾಡಿದ ಮೇಲೆ ಸರಿಯಾಯಿತೋ ಇಲ್ಲವೋ ಎಂದು ಮೂರು ಸಲ ಎದ್ದುಹೋಗಿ ನೋಡುವವಳು. ಹಾವಿನ ಗಾಜಿನ ಪೆಟ್ಟಿಗೆಯನ್ನು ಅವಳು ತನ್ನ ಮನೆಯ ಮುಂದಿನ ಕೋಣೆಯಲ್ಲಿ ಇರಿಸಿದಳು. ಅಲ್ಲಿ ಬೆಚ್ಚಗಿತ್ತು, ಬೆಳಕಿತ್ತು, ಕುಳಿತಲ್ಲಿಂದಲೇ ಕಣ್ಣಿಟ್ಟಿರಬಹುದಿತ್ತು. ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ.

ಆ ಕೋಣೆಗೆ ಬೀದಿಯ ಕಡೆ ಒಂದು ದೊಡ್ಡ ಕಿಟಕಿ. ನೆಲದಿಂದ ಮೊಣಕಾಲೆತ್ತರಕ್ಕೆ ಶುರುವಾಗಿ ಹೆಚ್ಚುಕಡಿಮೆ ಚಾವಣಿ ಮುಟ್ಟುವಷ್ಟು. ಕಿಟಕಿಯ ಎರಡು ಬದಿಗೂ ಹಸಿರು ಮಖಮಲ್ಲಿನ ಪರದೆ. ಪರದೆ ಹೊಲಿಯುವುದು ಹಿಲ್ಯೆಯ ಕಸುಬು. ವಿನ್ಸ್‌ಖೋಟನ್ ಊರಿನ ಅರ್ಧ ಮನೆಗಳ ಪರದೆ ಅವಳ ಕೈಯದೇ. ಮೂವತ್ನಾಲ್ಕು ವರ್ಷ ಅವಳು ಅಳತೆ ತೆಗೆದು, ನೆರಿಗೆ ಕೂಡಿಸಿ, ಅಸ್ತರು ಹಾಕಿ ಹೊಲಿದ ಆ ಪರದೆಗಳನ್ನು ಯಾರೂ ಎಳೆದದ್ದಿಲ್ಲ. ಆ ಊರಿನಲ್ಲಿ ಪರದೆ ಇರುವುದು ಕಿಟಕಿಯ ಎರಡು ಬದಿಗೆ ಅಂದವಾಗಿ ನಿಲ್ಲುವುದಕ್ಕೆ. ಹಗಲಲ್ಲಿ ಎಳೆದಿದ್ದರೆ ಆ ಮನೆಯಲ್ಲಿ ಸಾವಾಗಿರಬೇಕು, ಇಲ್ಲವೇ ನಾಲ್ಕು ಜನ ನೋಡಬಾರದ್ದು ಏನೋ ನಡೆದಿರಬೇಕು. ಹಿಲ್ಯೆಯ ಮನೆಯಲ್ಲಿ ಎರಡೂ ಆಗಿರಲಿಲ್ಲ.

ಹಾಗಾಗಿ ಬೀದಿಯಲ್ಲಿ ಹೋಗುವವರೆಲ್ಲ ಹೆಬ್ಬಾವನ್ನು ನೋಡಿಕೊಂಡು ಹೋದರು. ಅಂಚೆಯವಳು ನಿಂತು ನೋಡಿದಳು. ಶಾಲೆ ಬಿಟ್ಟ ಮಕ್ಕಳು ಗಾಜಿಗೆ ಮೂಗೊತ್ತಿ ನೋಡಿದರು, ಅವರ ಮೂಗಿನ ಗುರುತನ್ನು ಹಿಲ್ಯೆ ದಿನವೂ ಸಂಜೆ ಒರೆಸಿದಳು. ಪಕ್ಕದ ಮನೆಯ ಗೀಸ್ಕೆ, ಎಪ್ಪತ್ತು ದಾಟಿದ ವಿಧವೆ, ಬೆಳಗಿನ ಹತ್ತು ಗಂಟೆಯ ಕಾಫಿಗೆ ಬಂದಾಗಲೆಲ್ಲ ಪೆಟ್ಟಿಗೆಯ ಮುಂದೆ ಬಗ್ಗಿ, "ಏನಮ್ಮ ಮಹಾರಾಣಿ, ಇವತ್ತಾದ್ರೂ ದಯೆ ತೋರಿಸ್ತೀಯಾ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡಳು.

ಮಹಾರಾಣಿ ದಯೆ ತೋರಲಿಲ್ಲ.

ಮೊದಲ ಇಲಿಯನ್ನು ಹಿಲ್ಯೆ ಚೀಟಿಯಲ್ಲಿದ್ದ ಹಾಗೆಯೇ ಕೊಟ್ಟಳು. ಫ್ರೀಜರಿನಲ್ಲಿ ಬಟಾಣಿ ಸೂಪಿನ ಡಬ್ಬಿಗಳ ಪಕ್ಕದಲ್ಲಿದ್ದ ಕಟ್ಟಿನಿಂದ ಒಂದನ್ನು ತೆಗೆದು, ಬಿಸಿನೀರಿನಲ್ಲಿ ಕರಗಿಸಿ, ಒರೆಸಿ, ಇಕ್ಕಳದಲ್ಲಿ ಬಾಲ ಹಿಡಿದು ಮುಂದೆ ಚಾಚಿದಳು. ಟ್ರೂಸ್ ಒಮ್ಮೆ ನಾಲಗೆ ಆಡಿಸಿ, ಮುಖ ತಿರುಗಿಸಿ, ಅಡಗಿಕೊಳ್ಳಲೆಂದು ಪೆಟ್ಟಿಗೆಯಲ್ಲಿ ಮಗುಚಿಟ್ಟ ಹೂಕುಂಡದೊಳಗೆ ಹೋಗಿಬಿಟ್ಟಳು. ಎರಡನೆಯ ಸಲ ಅಂಗಡಿಯವನು ಹೇಳಿದಂತೆ ಇಲಿಯ ತಲೆಗೆ ಹೇರ್ ಡ್ರೈಯರಿನಿಂದ ಬಿಸಿಗಾಳಿ ಹಿಡಿದಳು. ಅಡುಗೆಮನೆಯಲ್ಲಿ ನಿಂತು ಸತ್ತ ಇಲಿಯ ಕೂದಲು ಒಣಗಿಸುತ್ತಿರುವ ತನ್ನನ್ನು ಅಮ್ಮ ನೋಡಿದ್ದರೆ ಏನನ್ನುತ್ತಿದ್ದಳೋ ಎಂದುಕೊಂಡಳು. ಆಮೇಲೆ ಬಿಳಿ ಇಲಿ ಬಿಟ್ಟು ಕಂದು ಇಲಿ ತಂದಳು. ದೊಡ್ಡದು ಬಿಟ್ಟು ಚಿಕ್ಕದು ತಂದಳು. ವಾಸನೆ ಹತ್ತಲೆಂದು ಇಲಿಯನ್ನು ಕೋಳಿಮರಿಗೆ ಉಜ್ಜಿ ಕೊಟ್ಟಳು. ಹಾವು ಸಾಕುವವರು ಅಂತರ್ಜಾಲದಲ್ಲಿ ಸೇರಿ ಮಾತಾಡುವ ಜಾಗವೊಂದಿತ್ತು. ಅಲ್ಲಿ ಒಬ್ಬರು ಇಲಿಯನ್ನು ಕುಣಿಸಿ ಅಂದರು, ಇನ್ನೊಬ್ಬರು ಅಲುಗಾಡಿಸಲೇ ಬೇಡಿ ಅಂದರು, ಮೂರನೆಯವರು ಮೊದಲಿನ ಇಬ್ಬರಿಗೂ ಹಾವು ಸಾಕುವ ಯೋಗ್ಯತೆಯಿಲ್ಲ ಅಂದರು. ಹಿಲ್ಯೆ ಮೊದಲಿನ ಇಬ್ಬರ ಮಾತನ್ನೂ ಒಂದೊಂದು ವಾರ ನಡೆಸಿ ನೋಡಿದಳು.

ಅಂಗಡಿಯವನು ಫೋನಿನಲ್ಲಿ, ಹಾವು ಇರುವ ಜಾಗ ಶಾಂತವಾಗಿದೆಯೇ ಎಂದು ಕೇಳಿದ್ದ. ಊರಿನಲ್ಲೇ ಶಾಂತವಾದ ಬೀದಿ ನಮ್ಮದು ಎಂದು ಅವಳು ಪ್ರಾಮಾಣಿಕವಾಗಿಯೇ ಉತ್ತರ ಕೊಟ್ಟಿದ್ದಳು.

ದಿನ ಕಳೆದಂತೆ ಅವಳ ಕಾವಲು ಹೆಚ್ಚಾಯಿತು. ಗಂಟೆಗೊಮ್ಮೆ ಹೂಕುಂಡ ಎತ್ತಿ ಉಸಿರಾಡುತ್ತಿದ್ದಾಳೆಯೇ ಎಂದು ನೋಡಿದಳು. ಭಾನುವಾರಕ್ಕೊಮ್ಮೆ ಹಿಟ್ಟು ಅಳೆಯುವ ತಕ್ಕಡಿಯ ಮೇಲೆ, ಮುಚ್ಚಳವಿರುವ ಪಾತ್ರೆಯಲ್ಲಿಟ್ಟು ತೂಗಿದಳು. ಬಂದಾಗ ಸಾವಿರದ ಆರುನೂರ ನಲವತ್ತು ಗ್ರಾಂ ಇದ್ದವಳು ಈಗ ಸಾವಿರದ ನಾನೂರ ತೊಂಬತ್ತಕ್ಕೆ ಇಳಿದಿದ್ದಳು. ಪಶುವೈದ್ಯೆ ತರುಣಿ, ಗಟ್ಟಿಗಿತ್ತಿ, ಸುಳ್ಳು ಸಮಾಧಾನ ಹೇಳುವವಳಲ್ಲ. ಇನ್ನು ಇಪ್ಪತ್ತು ಗ್ರಾಂ ಇಳಿದರೆ ಗಂಟಲಿಗೆ ಕೊಳವೆ ಹಾಕಿ ಉಣಿಸಬೇಕಾಗುತ್ತದೆ, ಅದನ್ನು ಕೆಲವು ಹಾವುಗಳು ತಡೆದುಕೊಳ್ಳುವುದಿಲ್ಲ ಎಂದಳು. ಗುರುವಾರ ಬೆಳಿಗ್ಗೆಗೆ ಸಮಯ ಕೊಟ್ಟಳು. ಅಷ್ಟರೊಳಗೆ ತಾನಾಗಿಯೇ ತಿಂದರೆ ಬರಬೇಕಾಗಿಲ್ಲ, ಫೋನ್ ಮಾಡಿ ಅಂದಳು.

ಶುಕ್ರವಾರ ವುಬ್ಬೊ ಬರುವವನಿದ್ದ. ಆರೈಕೆ ಕೇಂದ್ರದಿಂದ ನೇರವಾಗಿ ಹಿಲ್ಯೆಯ ಮನೆಗೆ, ಎರಡು ತಿಂಗಳ ಮಟ್ಟಿಗೆ. ಬಂದವನು ಕೋಟು ಕಳಚುವ ಮೊದಲೇ ಹಾವನ್ನು ಎತ್ತಿಕೊಳ್ಳುತ್ತಾನೆ, ಎತ್ತಿಕೊಂಡ ಗಳಿಗೆಯಲ್ಲೇ ತೂಕ ಅವನ ಕೈಗೆ ತಿಳಿಯುತ್ತದೆ.

ಆ ಸುಳ್ಳು ಹೊರಟದ್ದು ಹೀಗೆ. ಫೆಬ್ರವರಿಯಲ್ಲಿ ಅವನ ಎದೆಯ ಆಪರೇಷನ್ ಗಾಯಕ್ಕೆ ಕೀವಾಗಿ ಎರಡನೆಯ ಸಲ ಎದೆ ತೆರೆದಿದ್ದರು. ಮರುದಿನ ಹಿಲ್ಯೆ ಹೋದಾಗ ಅವನು ಹಾಸಿಗೆಯ ಬಟ್ಟೆಯಷ್ಟೇ ಬಿಳಿಚಿಕೊಂಡು ಮಲಗಿದ್ದ, ಮೂಗಿನಲ್ಲಿ ಕೈಯಲ್ಲಿ ಎಲ್ಲ ನಳಿಗೆ. ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, "ತಿಂದ್ಲಾ?"

"ತಿಂದ್ಲು," ಅಂದಿದ್ದಳು ಹಿಲ್ಯೆ.

ಅವನು ಕಣ್ಣು ಮುಚ್ಚಿಕೊಂಡು, "ಇದಕ್ಕಿಂತ ಕಡಿಮೆನೂ ಆಗಬಹುದಿತ್ತು," ಅಂದಿದ್ದ. ಆ ಕಡೆಯ ಜನ ಹೊಗಳುವುದು ಹಾಗೆಯೇ. ಅದಕ್ಕಿಂತ ದೊಡ್ಡ ಮೆಚ್ಚುಗೆ ಅವರ ಬಾಯಲ್ಲಿಲ್ಲ.

ಒಂದು ಸಲ ಹೇಳಿದ ಮೇಲೆ ಅದಕ್ಕೆ ದಿನವೂ ನೀರೆರೆಯಬೇಕಾಯಿತು. ಯಾವ ಇಲಿ, ಎಷ್ಟು ಹೊತ್ತು ತೆಗೆದುಕೊಂಡಳು, ತಿಂದಮೇಲೆ ಎಲ್ಲಿ ಮಲಗಿದಳು ಎಂದೆಲ್ಲ ಅವನು ಕೇಳಿದ. ಇವಳು ಕಂದು ಇಲಿ, ಇಪ್ಪತ್ತು ನಿಮಿಷ, ಹೂಕುಂಡದೊಳಗೆ ಎಂದೆಲ್ಲ ಹೇಳಿದಳು. ಬಸ್ಸಿನಲ್ಲಿ ಮನೆಗೆ ಬರುವಾಗ ಹೇಳಿದ್ದನ್ನು ಮರೆಯದಿರಲೆಂದು ಮನಸ್ಸಿನಲ್ಲೇ ಒಪ್ಪಿಸಿಕೊಂಡಳು. ಐದು ವಾರದಲ್ಲಿ ಅವಳ ಬಾಯಲ್ಲಿ ಟ್ರೂಸ್ ಮೂರು ಇಲಿ ತಿಂದಿದ್ದಳು.

ಬುಧವಾರ ಎದುರುಮನೆಯ ಬೋಲ್‌ಹೌಸ್ ಅವರ ಶವಸಂಸ್ಕಾರ. ಗಡಿಯಾರ ರಿಪೇರಿ ಮಾಡುತ್ತಿದ್ದ ಮುದುಕರು, ಎಂಬತ್ತನಾಲ್ಕು ತುಂಬಿತ್ತು, ನಿದ್ದೆಯಲ್ಲೇ ಹೋಗಿದ್ದರು. ಹನ್ನೊಂದು ಗಂಟೆಗೆ ಶವದ ಗಾಡಿ ಬೀದಿಯಲ್ಲಿ ಹಾದುಹೋಗುತ್ತದೆ, ಆಗ ಎಲ್ಲರೂ ಬಾಗಿಲಲ್ಲಿ ನಿಂತಿರಬೇಕು, ಬೀದಿಯ ಎಲ್ಲ ಮನೆಗಳ ಪರದೆಯೂ ಎಳೆದಿರಬೇಕು ಎಂಬುದನ್ನು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

ಹಿಲ್ಯೆ ಬೆಳಿಗ್ಗೆಯೇ ಕಪ್ಪು ಉಡುಪು ಹಾಕಿಕೊಂಡು ಸಿದ್ಧಳಾಗಿದ್ದಳು. ನಾಳೆಗೆ ಮೊದಲು ಇದೊಂದು ಕೊನೆಯ ಪ್ರಯತ್ನ ಮಾಡಿಬಿಡೋಣ ಎಂದು ಇಲಿ ಕರಗಲು ಇಟ್ಟಿದ್ದಳು. ಅದನ್ನು ಒರೆಸಿ, ಹೇರ್ ಡ್ರೈಯರ್ ಹಿಡಿದು ನಿಂತಿರುವಾಗ ಕರೆಗಂಟೆ ಬಾರಿಸಿತು. ಬಾಗಿಲು ತೆಗೆದರೆ ಕಪ್ಪು ಟೋಪಿ ಹಾಕಿಕೊಂಡ ಗೀಸ್ಕೆ.

"ಗಾಡಿ ತಿರುವಿನ ಹತ್ರ ಬಂದಿದೆ, ನಿನ್ನ ಪರದೆ ಇನ್ನೂ ತೆರೆದೇ ಇದೆ," ಅಂದಳು ಗೀಸ್ಕೆ. "ಇದೇನು ಕೈಯಲ್ಲಿ? ಸತ್ತವರ ಮನೆಗೆ ಹೋಗುವಾಗಲೂ ಇಲಿಗೆ ಸಿಂಗಾರ ಮಾಡ್ತಾ ನಿಂತಿದ್ದೀಯಲ್ಲೇ."

ಹಿಲ್ಯೆ ಇನ್ನು ತಡಮಾಡಲಿಲ್ಲ. ಒಳಗೆ ಓಡಿ, ಇಲಿಯನ್ನು ಪೆಟ್ಟಿಗೆಯಲ್ಲಿ ಬಿಸಿ ಇರುವ ಕಡೆಯ ಕಲ್ಲಿನ ಮೇಲೆ ಹಾಗೆಯೇ ಹಾಕಿ, ಮುಚ್ಚಳ ಭದ್ರ ಮಾಡಿ, ಕಿಟಕಿಯ ಎರಡು ಪರದೆಯನ್ನೂ ಒಂದೇ ಸಮ ಎಳೆದಳು. ಎಷ್ಟೋ ವರ್ಷದಿಂದ ಕದಲದ ಪರದೆಯ ಬಳೆಗಳು ಕಂಬಿಯ ಮೇಲೆ ಕಿರ್ರೆಂದವು. ಕೋಣೆ ಕತ್ತಲಾಯಿತು. ಅವಳು ಹೊರಗೆ ಓಡಿಬಂದು ಗೀಸ್ಕೆಯ ಪಕ್ಕ ನಿಲ್ಲುವುದಕ್ಕೂ ಗಾಡಿ ಎದುರಿಗೆ ಬರುವುದಕ್ಕೂ ಸರಿಹೋಯಿತು.

ಕೈ ತೊಳೆದಿಲ್ಲವೆಂಬುದು ಅವಳಿಗೆ ನೆನಪಾದದ್ದು ಬೋಲ್‌ಹೌಸ್ ಅವರ ಹೆಂಡತಿಯ ಕೈ ಕುಲುಕಿದ ಮೇಲೆ. ಆ ಮುದುಕಿ ಇವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲೇ ಇಲ್ಲ. ಸಂಸ್ಕಾರದ ನಂತರದ ಕಾಫಿಯ ಹೊತ್ತಿನಲ್ಲಿ ಹಿಲ್ಯೆ ಒಣದ್ರಾಕ್ಷಿ ಬ್ರೆಡ್ಡಿನ ತುಂಡನ್ನು ತಟ್ಟೆಯಲ್ಲೇ ಇಟ್ಟುಕೊಂಡು ಕೂತಿದ್ದಳು. ತಿನ್ನಬೇಕೆಂದರೆ ಕೈ ನೆನಪಾಗುತ್ತಿತ್ತು, ಕೈ ನೆನಪಾದರೆ ಇಲಿ, ಇಲಿ ನೆನಪಾದರೆ ನಾಳಿನ ಕೊಳವೆ. ಸುತ್ತ ಕೂತವರು ಗಡಿಯಾರದ ಮುದುಕರ ಬಗ್ಗೆ ಒಳ್ಳೆಯ ಮಾತಾಡುತ್ತಿದ್ದರು. ಅವರು ಒಂದು ಸಲವೂ ಹೊತ್ತು ತಪ್ಪಿಸಿದವರಲ್ಲ ಎಂದು ಯಾರೋ ಅಂದರು. ಹಿಲ್ಯೆ ತಲೆಯಾಡಿಸಿದಳು. ನಾಳೆ ಅಣ್ಣನಿಗೆ ಹೇಳಲೇಬೇಕು, ಹೇಳುವಾಗ ಅವನ ಎದೆಗೆ ಏನಾದರೂ ಆದರೆ ಪಕ್ಕದಲ್ಲಿ ನರ್ಸ್ ಇರುವ ಹೊತ್ತು ನೋಡಿ ಹೇಳಬೇಕು ಎಂದು ಲೆಕ್ಕ ಹಾಕುತ್ತಿದ್ದಳು.

ಮನೆಗೆ ಬಂದಾಗ ಎರಡೂವರೆ. ಕೋಟು ಹಾಕಿಕೊಂಡೇ ಮುಂದಿನ ಕೋಣೆಗೆ ಹೋಗಿ ಪರದೆಯ ಅಂಚಿಗೆ ಕೈಹಾಕಿದಳು. ಆಗ ಹಿಂದಿನಿಂದ ಒಂದು ಸದ್ದು ಬಂತು. ಸದ್ದು ಎನ್ನುವಷ್ಟೂ ಅಲ್ಲ, ಒಣ ಎಲೆಯ ಮೇಲೆ ಬಟ್ಟೆ ಎಳೆದಂತೆ. ಅವಳು ಪರದೆ ಬಿಟ್ಟು ತಿರುಗಿದಳು.

ಹಸಿರು ಮಬ್ಬಿನಲ್ಲಿ ಟ್ರೂಸ್ ಕಲ್ಲಿನ ಮೇಲೆ ಸುತ್ತಿಕೊಂಡಿದ್ದಳು. ಅವಳ ಬಾಯಿ ಇರಬೇಕಾದದ್ದಕ್ಕಿಂತ ಮೂರುಪಟ್ಟು ಅಗಲವಾಗಿತ್ತು. ಆ ಬಾಯಿಂದ ಇಲಿಯ ಎರಡು ಹಿಂಗಾಲು ಮತ್ತು ಒಂದು ಉದ್ದನೆಯ ಬಾಲ ಹೊರಗೆ ಇಳಿಬಿದ್ದಿದ್ದವು.

ಹಿಲ್ಯೆಗೆ ಕಾಲು ಎತ್ತಲೂ ಭಯ, ಇಡಲೂ ಭಯ. ನಿಂತಲ್ಲೇ ನಿಧಾನವಾಗಿ ಕುಸಿದು ಕಪ್ಪು ಕೋಟಿನೊಂದಿಗೆ ನೆಲದ ಮೇಲೆ ಕೂತಳು. ಹಿಂಗಾಲು ಒಳಗೆ ಹೋದವು. ಬಾಲ ಸ್ವಲ್ಪ ಹೊತ್ತು ಹೊರಗೇ ಉಳಿಯಿತು. ಇದೊಂದು ಒಳಗೆ ಹೋಗಲಿ ಎಂದು ಹಿಲ್ಯೆ ಯಾರನ್ನೋ ಬೇಡಿಕೊಂಡಳು. ಕೊನೆಗೆ ಅದೂ, ಚಿಕ್ಕ ಮಕ್ಕಳು ಶಾವಿಗೆ ಎಳೆದುಕೊಳ್ಳುವ ಹಾಗೆ, ಒಳಗೆ ಹೋಯಿತು. ಟ್ರೂಸ್ ಒಂದು ದೊಡ್ಡ ಆಕಳಿಕೆ ತೆಗೆದು ದವಡೆಯನ್ನು ಸರಿಮಾಡಿಕೊಂಡಳು. ಕುತ್ತಿಗೆಯ ಕೆಳಗೆ ಒಂದು ಉಬ್ಬು ಇಷ್ಟಿಷ್ಟೇ ಇಳಿಯತೊಡಗಿತು.

ಹಿಲ್ಯೆಯ ಕಣ್ಣಿನಿಂದ ನೀರು ಹರಿಯುತ್ತಿತ್ತು. ಬೋಲ್‌ಹೌಸ್ ಅವರ ಸಂಸ್ಕಾರದಲ್ಲಿ ಬಾರದ ಕಣ್ಣೀರು ಈಗ ಬರುತ್ತಿದೆಯಲ್ಲ ಎಂದು ನಾಚಿಕೆಯೂ ಆಯಿತು. ಹಾಗೆಂದು ನಿಲ್ಲಲೂ ಇಲ್ಲ. ಎದ್ದು ಅಡುಗೆಮನೆಗೆ ಹೋಗಿ, ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದು, ನಿಂತುಕೊಂಡೇ ನಾಲ್ಕು ತುಂಡು ಬ್ರೆಡ್ಡು ತಿಂದಳು. ಬೆಳಗಿನಿಂದ ತಾನೂ ಏನೂ ತಿಂದಿರಲಿಲ್ಲ ಎಂಬುದು ಮೂರನೆಯ ತುಂಡಿನಲ್ಲಿ ಗೊತ್ತಾಯಿತು. ಆಮೇಲೆ ಪಶುವೈದ್ಯೆಗೆ ಫೋನ್ ಮಾಡಿದಳು. ಆಕೆ ಗುರುವಾರದ ಸಮಯವನ್ನು ಹೊಡೆದುಹಾಕಿ, ಎರಡು ದಿನ ಮುಟ್ಟಬೇಡಿ, ತೂಗಬೇಡಿ, ಹೂಕುಂಡ ಎತ್ತಬೇಡಿ ಅಂದಳು. ಹೂಕುಂಡದ ವಿಷಯ ಆಕೆಗೆ ಹೇಗೆ ತಿಳಿಯಿತೆಂದು ಹಿಲ್ಯೆ ಕೇಳಲಿಲ್ಲ.

ಆ ಸಂಜೆಯೇ ಅವಳಿಗೆ ಇನ್ನೊಂದು ಯೋಚನೆ ಹತ್ತಿತು. ಹೇಳಿದ ಸುಳ್ಳು ಈಗ ನಿಜವಾಗಿದೆ. ಟ್ರೂಸ್ ತಿಂದಿದ್ದಾಳೆ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು, ತೂಕ ಸ್ವಲ್ಪ ಇಳಿದದ್ದಕ್ಕೆ ಚಳಿಗಾಲ ಅಂದರಾಯಿತು. ಈ ಯೋಚನೆ ಎಷ್ಟು ಹಿತವಾಗಿತ್ತೆಂದರೆ ಅವಳು ಅದನ್ನು ಊಟದವರೆಗೂ ಇಟ್ಟುಕೊಂಡಳು. ಊಟದ ಹೊತ್ತಿಗೆ ಅದು ಹೊಲಿಗೆಯಲ್ಲಿ ಉಳಿದ ಗುಂಡುಸೂಜಿಯ ಹಾಗೆ ಚುಚ್ಚತೊಡಗಿತು. ಪರದೆ ಕೊಟ್ಟುಬಂದ ಮೇಲೆ ಒಳಗೆ ಸೂಜಿ ಉಳಿದಿದೆಯೆಂದು ನೆನಪಾದರೆ ಅವಳು ಸೈಕಲ್ ಹತ್ತಿ ವಾಪಸು ಹೋಗುವವಳು.

ಗುರುವಾರ ಮಧ್ಯಾಹ್ನ ಆರೈಕೆ ಕೇಂದ್ರದಲ್ಲಿ ವುಬ್ಬೊ ಕಿಟಕಿಯ ಪಕ್ಕ ಕೂತು, ಉಪ್ಪಿಲ್ಲದ ಸೂಪನ್ನು ಚಮಚದಲ್ಲಿ ಕದಡುತ್ತಿದ್ದ. ತೊಡೆಯ ಮೇಲೆ ಒಂದು ಚಿಕ್ಕ ದಿಂಬು. ಎದೆ ಕೊಯ್ಯಿಸಿಕೊಂಡವರಿಗೆಲ್ಲ ಅಲ್ಲಿ ಅಂಥ ದಿಂಬು ಕೊಟ್ಟಿರುತ್ತಾರೆ, ಕೆಮ್ಮು ಬಂದಾಗ ಅವುಚಿಕೊಳ್ಳಲು. ನರ್ಸ್ ಔಷಧಿಯ ಗಾಡಿಯೊಂದಿಗೆ ಬಾಗಿಲ ಬಳಿಯೇ ಇದ್ದಳು. ಹಿಲ್ಯೆ ಅದನ್ನು ಖಚಿತಪಡಿಸಿಕೊಂಡು ಕುರ್ಚಿ ಎಳೆದುಕೊಂಡಳು.

"ಟ್ರೂಸ್ ನಿನ್ನೆ ತಿಂದ್ಲು," ಅಂದಳು.

"ಒಳ್ಳೇದು. ಮೊನ್ನೆಮೊನ್ನೆ ತಾನೇ ತಿಂದಿದ್ಲು, ಇಷ್ಟು ಬೇಗ ಯಾಕೆ ಕೊಟ್ಟೆ?"

"ಮೊನ್ನೆ ತಿಂದಿರ್ಲಿಲ್ಲ, ವುಬ್ಬೊ. ಅದರ ಹಿಂದೇನೂ ಇಲ್ಲ. ನಮ್ಮನೆಗೆ ಬಂದಮೇಲೆ ನಿನ್ನೆ ತಿಂದಿದ್ದೇ ಮೊದಲು. ನಾನು ನಿನಗೆ ಸುಳ್ಳು ಹೇಳ್ದೆ. ಮೂರೂ ಸಲ."

ವುಬ್ಬೊ ಚಮಚ ಕೆಳಗಿಟ್ಟ. ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಯಾರೋ ಕಾರನ್ನು ಮೂರನೆಯ ಸಲ ಹಿಂದೆಮುಂದೆ ಮಾಡುತ್ತಿದ್ದರು, ಅವನು ಅದನ್ನೇ ನೋಡುತ್ತ ಕೂತ. ಹಿಲ್ಯೆ ಉಳಿದದ್ದನ್ನೂ ಒಂದೇ ಉಸಿರಿಗೆ ಹೇಳಿದಳು: ತೂಕ, ಕೊಳವೆ, ಹೇರ್ ಡ್ರೈಯರ್, ಕೋಳಿಮರಿ.

"ಹನ್ನೊಂದು ವಾರ," ಅಂದ ವುಬ್ಬೊ ಕೊನೆಗೆ. "ಹೋದ ಚಳಿಗಾಲದಲ್ಲಿ ಇಪ್ಪತ್ತೆರಡು."

"ಏನು ಇಪ್ಪತ್ತೆರಡು?"

"ವಾರ. ನನ್ನತ್ರ. ಅಕ್ಟೋಬರ್‌ನಿಂದ ಏನೂ ಮುಟ್ಟಲಿಲ್ಲ. ಅದರ ಹಿಂದಿನ ವರ್ಷ ಹದಿನೆಂಟು."

ಹಿಲ್ಯೆ ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದಳು. ಆಮೇಲೆ ಕೇಳಿದಳು. "ಚೀಟೀಲಿ ಏನು ಬರೆದಿದ್ದೆ ನೀನು?"

"ಕೊಟ್ಟದ್ದನ್ನ ತಿಂದ್ಕೊಂಡು ಬಿದ್ದಿರ್ತಾಳೆ ಅಂತ." ಅವನು ದಿಂಬಿನ ಅಂಚು ಎಳೆಯುತ್ತ ಹೇಳಿದ. "ನಿಜ ಬರೆದಿದ್ರೆ ನೀನು ಮೊದಲನೇ ದಿನದಿಂದ್ಲೇ ನಿದ್ದೆ ಬಿಟ್ಟು ಕೂತಿರ್ತಿದ್ದೆ, ಹುಡುಗಿ. ನಿನ್ನ ನಾನು ಬಲ್ಲೆ."

"ಮತ್ತೆ ನಾನು ಬಂದಾಗಲೆಲ್ಲ ತಿಂದ್ಲಾ ತಿಂದ್ಲಾ ಅಂತ ಯಾಕೆ ಪ್ರಾಣ ತಿಂತಿದ್ದೆ?"

"ಇಲ್ಲ ಅಂತೀಯ ಅಂದ್ಕೊಂಡು ಕೇಳಿದ್ದು. ನೀನು ತಿಂದ್ಲು ಅಂದೆ. ಕಂದು ಇಲಿ ಅಂದೆ, ಇಪ್ಪತ್ತು ನಿಮಿಷ ಅಂದೆ. ಹನ್ನೆರಡು ವರ್ಷ ನನ್ನ ಗೋಳು ಹುಯ್ಕೊಂಡೋಳು ನಿನ್ನತ್ರ ಬಂದ ತಕ್ಷಣ ಸರಿಯಾಗಿ ಉಣ್ತಾಳಲ್ಲ ಅಂತ ಐದು ವಾರ ನಾನಿಲ್ಲಿ ಹೊಟ್ಟೆಕಿಚ್ಚಲ್ಲಿ ಬೆಂದೆ."

ಹಿಲ್ಯೆಗೆ ಅವನ ತಲೆಯ ಮೇಲೆ ಸೂಪು ಸುರಿಯಬೇಕೆನ್ನಿಸಿತು. ಅದೇ ಕ್ಷಣಕ್ಕೆ, ಹನ್ನೊಂದು ವಾರದಿಂದ ಭುಜದ ಮೇಲೆ ಕೂತಿದ್ದದ್ದೇನೋ ಎದ್ದುಹೋದಂತೆಯೂ ಆಯಿತು. ಅವಳು ಸೂಪು ಬಿಟ್ಟು, ಅವನ ತಟ್ಟೆಯಲ್ಲಿದ್ದ ಬಿಸ್ಕತ್ತು ಎತ್ತಿಕೊಂಡು ತಿಂದಳು.

ವುಬ್ಬೊ ಈಗ ಸರಿಯಾಗಿ ವಿಚಾರಿಸತೊಡಗಿದ. ಪೆಟ್ಟಿಗೆ ಎಲ್ಲಿದೆ, ನಿನ್ನೆ ಏನು ಬೇರೆ ಮಾಡಿದೆ, ಯಾರಿದ್ದರು ಎಂದೆಲ್ಲ ಕೇಳಿದ. ಮುಂದಿನ ಕೋಣೆ ಎಂದಾಗ ಹುಬ್ಬೆತ್ತಿದ. ಕಿಟಕಿಯ ಪಕ್ಕ ಎಂದಾಗ ಇನ್ನೂ ಮೇಲೆತ್ತಿದ.

"ಪರದೆ?"

"ಪರದೆಗೇನು? ಚೆನ್ನಾಗಿದೆ," ಅಂದಳು ಹಿಲ್ಯೆ. "ನಿನ್ನೆ ಬೋಲ್‌ಹೌಸ್ ಅವರಿಗೋಸ್ಕರ ಎಳೆದಿದ್ದೆ." ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ಹೊಳೆಯಿತು.

ವುಬ್ಬೊ ದಿಂಬನ್ನು ಎದೆಗೆ ಅವುಚಿಕೊಂಡು ನಗತೊಡಗಿದ. ನಗು ಅವನಿಗೆ ನೋವು ಕೊಡುತ್ತಿತ್ತು, ನೋವಿಗೆ ಮುಖ ಹಿಂಡುತ್ತಿದ್ದ, ಮತ್ತೆ ನಗುತ್ತಿದ್ದ. ನರ್ಸ್ ಗಾಡಿ ಬಿಟ್ಟು ಒಳಗೆ ಬಂದು ನೋಡಿ ಹೋದಳು.

"ಟ್ರೂಸ್ ಅತ್ತೆ ನೆನಪಿದ್ದಾಳಾ?" ಅಂದ, ಉಸಿರು ಸಿಕ್ಕಮೇಲೆ. "ಹುಟ್ಟುಹಬ್ಬಕ್ಕೆ ಎಲ್ಲರೂ ಸುತ್ತ ಕುರ್ಚಿ ಹಾಕ್ಕೊಂಡು ಕೂತಿದ್ದಾಗ ಒಂದು ಸಲನಾದ್ರೂ ಕೇಕ್ ಮುಟ್ಟಿದ್ಲಾ? ಬೇಡ ಬೇಡ ಅಂತ ತಟ್ಟೆ ದಾಟಿಸಿಬಿಡ್ತಿದ್ಲು. ಆಮೇಲೆ ಅಡುಗೆಮನೆ ಬಾಗಿಲು ಹಾಕ್ಕೊಂಡು, ಗೋಡೆ ಕಡೆ ಮುಖ ಮಾಡಿ ಮೂರು ತುಂಡು. ನೀನು ನಮ್ಮ ಟ್ರೂಸ್‌ನ ಹನ್ನೊಂದು ವಾರ ಬೀದಿಯವರ ಮುಂದೆ ಊಟಕ್ಕೆ ಕೂರಿಸಿದ್ದೀಯ."

ನಿಜಕ್ಕೂ ಪರದೆಯಿಂದಲೇ ಆಯಿತೋ ಇಲ್ಲವೋ ಹೇಳುವುದು ಕಷ್ಟ. ಮಾರ್ಚ್ ಕೊನೆಯಾಗಿತ್ತು, ಬಿಸಿಲು ಬಲಿತಾಗ ಈ ಜಾತಿಯ ಹಾವು ತಾನಾಗಿಯೇ ತಿನ್ನಲು ತೊಡಗುವುದುಂಟು ಎಂದು ಪಶುವೈದ್ಯೆ ಆಮೇಲೆ ಹೇಳಿದಳು. ವುಬ್ಬೊನ ಕತ್ತಲೆ ಮೂಲೆಯಲ್ಲೂ ಟ್ರೂಸ್ ಉಪವಾಸ ಮಾಡಿದ್ದಳಲ್ಲ. ಆದರೆ ಹಿಲ್ಯೆ ಇಂಥದರಲ್ಲಿ ಅದೃಷ್ಟ ಪರೀಕ್ಷೆ ಮಾಡುವವಳಲ್ಲ. ಎರಡು ವಾರ ಕಳೆದ ಬುಧವಾರ ಎರಡನೆಯ ಇಲಿ ಕೊಡುವಾಗ ಮೊದಲಿನ ದಿನ ಹೇಗಿತ್ತೋ ಹಾಗೆಯೇ ಎಲ್ಲವನ್ನೂ ಮಾಡಿದಳು. ಹತ್ತೂವರೆಗೆ ಹೇರ್ ಡ್ರೈಯರ್, ಬಿಸಿ ಕಲ್ಲು, ಪರದೆ. ಕಪ್ಪು ಉಡುಪನ್ನೂ ಹಾಕಿಕೊಂಡಳು. ಅಲ್ಲಿಗೆ ಬಂದು ಹನ್ನೆರಡು ದಿನವಾಗಿದ್ದ ವುಬ್ಬೊ ಅದನ್ನು ನೋಡಿ ಏನೋ ಅನ್ನಲು ಬಾಯಿ ತೆರೆದು, ದಿಂಬು ಮಹಡಿಯ ಮೇಲಿರುವುದು ನೆನಪಾಗಿ ಸುಮ್ಮನಾದ. ಇಬ್ಬರೂ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕಾಫಿ ಕುಡಿಯುತ್ತ ಕೂತರು.

ಹನ್ನೆರಡಕ್ಕೆ ಕರೆಗಂಟೆ ಬಾರಿಸಿತು. ಹಿಲ್ಯೆಯ ಕೈಯಲ್ಲಿ ಪಾತ್ರೆಯಿತ್ತು, ವುಬ್ಬೊನೇ ಊರುಗೋಲು ಹಿಡಿದು ಹೋಗಿ ಬಾಗಿಲು ತೆಗೆದ.

ಹೊರಗೆ ಗೀಸ್ಕೆ ನಿಂತಿದ್ದಳು. ಕಪ್ಪು ಕೋಟು, ಕಪ್ಪು ಟೋಪಿ, ಕೈಯಲ್ಲಿ ಒಣದ್ರಾಕ್ಷಿ ಬ್ರೆಡ್ಡು, ಅದರ ಮೇಲೆ ಸಂತಾಪದ ಕಾರ್ಡು. ಮುಖವನ್ನೂ ತಕ್ಕ ಹಾಗೆ ಮಾಡಿಕೊಂಡು ಬಂದಿದ್ದಳು. ಆ ಮುಖ ಈಗ ಏನು ಮಾಡಬೇಕೆಂದು ತಿಳಿಯದೆ ಹಾಗೆಯೇ ನಿಂತುಬಿಟ್ಟಿತು. ಅವಳ ಹಿಂದೆ, ಎದುರು ಸಾಲಿನ ಮೂರು ಮನೆಗಳಲ್ಲಿ ಆಗಲೇ ಪರದೆ ಎಳೆದಿತ್ತು.

"ಮೊಯ್, ಗೀಸ್ಕೆ," ಎಂದು ವುಬ್ಬೊ ಊರಿನ ರೀತಿಯಲ್ಲಿ ನಮಸ್ಕಾರ ಹೇಳಿದ. "ಸ್ವಲ್ಪ ಮೆತ್ತಗೆ ಮಾತಾಡು. ಒಳಗೆ ಊಟ ನಡೀತಿದೆ."

ಗೀಸ್ಕೆ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ನಿನಗೇ ಅಂತ ತಂದಿದ್ದೆ," ಅಂದಳು ಕೊನೆಗೆ, ಬ್ರೆಡ್ಡನ್ನು ಅವನ ಕೈಗೆ ತುರುಕುತ್ತ. "ಕಾರ್ಡು ವಾಪಸ್ ಕೊಡು. ಹೇಗೂ ಯಾವತ್ತಾದ್ರೂ ಬೇಕಾಗುತ್ತೆ."

ಅಂದು ಸಂಜೆ ಹಿಲ್ಯೆ ಎದುರು ಸಾಲಿನ ಮೂರು ಮನೆಗೂ ಹೋಗಿ, ಯಾರೂ ಸತ್ತಿಲ್ಲವೆಂದು ತಿಳಿಸಿ, ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿಕೊಂಡು ಬಂದಳು. ಹೀಗೆ ಎರಡು ವಾರಕ್ಕೊಮ್ಮೆ ಬೀದಿಗೆಲ್ಲ ಸೂತಕ ಹಾಕಲು ಆಗುವುದಿಲ್ಲ. ಅಟ್ಟದ ಪೆಟ್ಟಿಗೆಯಲ್ಲಿ ಹಸಿರು ಮಖಮಲ್ಲಿನ ಉಳಿಕೆ ತುಂಡುಗಳಿದ್ದವು. ಅವನ್ನು ತಂದು, ಗಾಜಿನ ಪೆಟ್ಟಿಗೆಯ ಅಳತೆ ತೆಗೆದು, ನೆರಿಗೆ ಕೂಡಿಸಿ, ಅಸ್ತರು ಹಾಕಿ, ನೆಟ್ಟಗೆ ಇಳಿಬೀಳಲೆಂದು ಕೆಳಅಂಚಿನಲ್ಲಿ ಸೀಸದ ಸರವನ್ನೂ ಹೊಲಿದು, ಎರಡು ಮೊಳದ ಒಂದು ಜೊತೆ ಪರದೆ ಮಾಡಿದಳು. ಮೂವತ್ನಾಲ್ಕು ವರ್ಷದಲ್ಲಿ ಅವಳು ಮಾಡಿದವುಗಳಲ್ಲಿ ದಿನವೂ ಎಳೆಯುವ ಪರದೆ ಎಂದರೆ ಇದೊಂದೇ.

ವುಬ್ಬೊ ಅದನ್ನು ಎರಡು ಬೆರಳಿನಲ್ಲಿ ಹಿಡಿದು ಅತ್ತ ಎಳೆದ, ಇತ್ತ ಎಳೆದ. ಒಳಗೆ ಟ್ರೂಸ್ ಹೊಟ್ಟೆ ಉಬ್ಬಿಸಿಕೊಂಡು ಹೂಕುಂಡದಲ್ಲಿ ಮಲಗಿದ್ದಳು. ಹಿಲ್ಯೆಗೆ ಅದನ್ನು ಎತ್ತಿ ನೋಡಬೇಕೆನ್ನಿಸಿತು. ಕೈ ಚಾಚಿದವಳು ಅರ್ಧಕ್ಕೇ ಹಿಂದೆಳೆದುಕೊಂಡು, ಆ ಕೈಯಿಂದಲೇ ಪರದೆಯ ನೆರಿಗೆ ಸರಿಮಾಡಿದಳು.

"ಹೇಗಿದೆ?" ಎಂದು ಕೇಳಿದಳು.

ವುಬ್ಬೊ ಸ್ವಲ್ಪ ಯೋಚಿಸಿದ.

"ಇದಕ್ಕಿಂತ ಕಡಿಮೆನೂ ಆಗಬಹುದಿತ್ತು," ಅಂದ.